ಎರಡು ಬೆರಳಿನ ಲೆಕ್ಕ

ಹ್ಯಾಲಿಫ್ಯಾಕ್ಸಿನ ಈ ಮ್ಯೂಸಿಯಮ್ಮಿನ ಹಿಂಗೋಣೆಯಲ್ಲಿ
ನನಗೆ ಸಂಬಳ ಕೊಡುವುದು, ನಕ್ಕರೂ ಸರಿ, ಎಂಜಲಿಗೆ.
ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ಒತ್ತಿ,
ಚಿತ್ರದ ಮೇಲೆ ಕಾಸಿನಗಲ ಉರುಳಿಸಿದರೆ
ಯಾವ ದ್ರಾವಣಕ್ಕೂ ಜಗ್ಗದ ಮಸಿ
ಮೆಲ್ಲಗೆ ಬಿಟ್ಟುಕೊಡುತ್ತದೆ.
ಬಾಯ್ತುಂಬ ಹೊಳೆನೀರು ತಂದು
ಲಿಂಗದ ನೆತ್ತಿಗೆ ಉಗಿದ ಬೇಡನ ಕತೆ
ಇಲ್ಲಿ ಯಾರಿಗೂ ಹೇಳಿಲ್ಲ.
ಹೇಳಿದರೆ ಫೈಲಿನಲ್ಲಿ ಬರೆದುಕೊಂಡಾರು.

ಚಿತ್ರದ ಹೆಸರು 'ಹೊಲಿಗೆಯಿಲ್ಲದ ಅಂಗಿ'.
ಬರೆದವನು ಜೇಬೆಜ್ ಕ್ರ್ಯಾಬ್‌ಟ್ರೀ,
ಕೈಮಗ್ಗದವನ ಮಗ. ಪಬ್ಬುಗಳ ಬೋರ್ಡಿಗೆ
ಕೆಂಪು ಸಿಂಹ, ಬಿಳಿ ಹಂಸ ಬರೆಯುತ್ತ ಬರೆಯುತ್ತ
ದೇವರವರೆಗೆ ಬಂದವನು.
ಜೆರುಸಲೇಮಿನ ಹಡಗಿಗೆ ದುಡ್ಡು ಕೂಡಿಟ್ಟದ್ದು ಎರಡು ಸಲ;
ಒಮ್ಮೆ ಮಗಳ ಜ್ವರ ತಿಂದಿತು,
ಒಮ್ಮೆ ಮಗಳ ಶವಪೆಟ್ಟಿಗೆ.
ಹಾಗಾಗಿ ನಜರೇತಿನ ಕಿಟಕಿಯಾಚೆ
ಯಾರ್ಕ್‌ಷೈರಿನ ಬೋಳುಗುಡ್ಡ, ಕಲ್ಲುಬೇಲಿ,
ಮಂಜಿಗೆ ಬೆನ್ನು ಮಾಡಿ ನಿಂತ ಕುರಿ.

ಎಲ್ಲಕ್ಕೂ ಒಂದು ಅರ್ಥ ಇರಲೇಬೇಕಿತ್ತು ಅವನಿಗೆ.
ಮಗ್ಗದ ಕಂಬಕ್ಕೆ ಹತ್ತಿದ ನುಸಿ: ಕಾಲ.
ಕಚ್ಚಿ ಬಿಟ್ಟ ಸೇಬು: ಗೊತ್ತೇ ಇದೆ.
ಬಿಳಿ ಲಡಿಗಳ ನಡುವೆ ಕೆಂಪು ನೂಲೊಂದೇ:
ಬರಲಿರುವ ಶುಕ್ರವಾರ.
ಆರಿದ ದೀಪ ಯಾಕೆಂದು ಪಾದ್ರಿ ಕೇಳಿದ್ದಕ್ಕೆ
'ಹಗಲಲ್ಲವೇ, ಎಣ್ಣೆ ದುಬಾರಿ' ಎಂದನಂತೆ.
ಆ ಒಂದು ಉತ್ತರಕ್ಕೆ ನನಗೆ ಅವನು ಇಷ್ಟ.

ಮಗ್ಗಕ್ಕೆ ಕೂತವಳು ಮರಿಯಮ್ಮ.
ಬಾಗಿಲಲ್ಲಿ ಹುಡುಗ, ಕಾಲಿಗೆ ಗರಗಸದ ಹೊಟ್ಟು.
ಮೇಲಿನಿಂದ ಕೆಳತನಕ ಒಂದೇ ನೇಯ್ಗೆ;
ಮುಂದೊಂದು ದಿನ ಹರಿಯಲು ಮನಸ್ಸಾಗದೆ
ಸಿಪಾಯಿಗಳು ಚೀಟಿ ಎತ್ತಲಿರುವ ಅಂಗಿ.

ಎರಡನೇ ತಿಂಗಳು ಅವಳ ಬಲಗೈಗೆ ಬಂದೆ.
ಉಂಗುರದ ಬೆರಳು, ಕಿರುಬೆರಳು,
ಇವೆರಡರ ಬಣ್ಣ ಮಾತ್ರ ಬೇರೆ ದಿನದ್ದು:
ಮೇಣದ ಹಾಗೆ ನುಣುಪು, ಗೆಣ್ಣಿಲ್ಲ,
ಉಗುರಲ್ಲಿ ಕೊಳೆಯಿಲ್ಲ.
ಎಕ್ಸ್‌ರೇ ತೆಗೆಸಿದೆವು.
ಕೆಳಗೆ ಮೂರೇ ಬೆರಳು.
ಮಿಕ್ಕ ಜಾಗದಲ್ಲಿ ಒರಟಾಗಿ ಮಾಗಿದ ಚರ್ಮ,
ನೂಲು ಆ ಮೊಂಡುಗೆಣ್ಣಿಗೇ ಒರಗಿ ತಿರುಗುತ್ತದೆ,
ಅಲ್ಲೇ ಅಭ್ಯಾಸವಾದಂತೆ.

ಅವನ ಲೆಕ್ಕದ ಪುಸ್ತಕ ನಮ್ಮ ಕಪಾಟಿನಲ್ಲೇ ಇತ್ತು.
'ರೋಡಾ ಸಟ್‌ಕ್ಲಿಫ್, ಕಾರ್ಡಿಂಗ್ ಶೆಡ್ಡಿನವಳು,
ನಾಲ್ಕು ಶನಿವಾರ ಸಂಜೆ ಕೂತದ್ದಕ್ಕೆ, ಆರು ಶಿಲ್ಲಿಂಗ್.'
ಒಂದು ಪುಟ ಖಾಲಿ.
'ಮಿಲ್ಲಿನ ಧಣಿ ಗಾಂಟ್ ಅವರು, ಚರ್ಚಿಗೆ ಚಿತ್ರ ಕೊಡಿಸುವವರು,
ದೇವಮಾತೆಗೆ ಊನ ಸಲ್ಲದು ಎಂದರು.
ಬೆರಳು ಎರಡು ಸೇರಿಸಿದ್ದಕ್ಕೆ, ಹದಿನೈದು ಶಿಲ್ಲಿಂಗ್.'
ಅಲ್ಲಿ ಶಾಯಿ ಹರಡಿದೆ. ಕಣ್ಣೀರು ಎಂದು ನಾನು ಬರೆಯಲಾರೆ,
ಬಿಯರೂ ಇರಬಹುದು.

ಭಿನ್ನವಾದ ವಿಗ್ರಹ ಪೂಜೆಗೆ ಬಾರದು;
ಈ ಮಾತು ನಮ್ಮ ಕಡೆಯದು ಮಾತ್ರ ಅಂದುಕೊಂಡಿದ್ದೆ.

ಮಿಲ್ಲಿನ ರಿಜಿಸ್ಟರೂ ನೋಡಿದೆ, ಅದಕ್ಕೆ ಹಿಂದಿನ ವರ್ಷ, ಮಾರ್ಚಿ:
ಸಟ್‌ಕ್ಲಿಫ್ ರೋ., ವಯಸ್ಸು ಹದಿನೇಳು,
ಎರಡು ದಿನ ಗೈರು, ಕೂಲಿ ಕಡಿತ.
ಬೆರಳಿನ ಮಾತಿಲ್ಲ.

ಕಲಾವಿದನೇ ಬಳಿದದ್ದನ್ನು ಕೆರೆಯಬಾರದು,
ಅದು ನಮ್ಮ ಕಸುಬಿನ ನೇಮ. ಉಳಿಸಿದೆ.
ಆ ಸುಳ್ಳು ಬೆರಳುಗಳನ್ನೂ ಒರೆಸಿದೆ, ಕಾಸಿನಗಲ, ಕಾಸಿನಗಲ.
ಒಂದು ಸಲ ಮೈಮರೆತು
ಕಪ್ಪಾದ ಹತ್ತಿಯನ್ನೇ ಮತ್ತೆ ನಾಲಿಗೆಗಿಟ್ಟೆ.
ಗಾಂಟನ ಚಿಮಣಿಯ ಹೊಗೆ, ನೂರೈವತ್ತು ವರ್ಷದ್ದು.
ಕಹಿಯಿರುತ್ತದೆ ಅಂದುಕೊಂಡಿದ್ದೆ. ಉಪ್ಪು.

ಆ ಚಿತ್ರದ ಮೇಲೆ ಅವನು ದೇವರನ್ನು ಬರೆಯಲಿಲ್ಲ.
ಮತ್ತೆ ಸಿಂಹ, ಮತ್ತೆ ಹಂಸ.
ಸ್ಟೇಷನ್ನಿನ ಕೆಳಗಿನ ಪಬ್ಬಿನಲ್ಲಿ ಒಂದು ಬೋರ್ಡು ಉಳಿದಿದೆ,
ಗಾಳಿಗೆ ಕಿರುಗುಟ್ಟುತ್ತದೆ:
ಎತ್ತಿದ ಪಂಜದಲ್ಲಿ ಸಿಂಹಕ್ಕೆ ಮೂರೇ ಉಗುರು.
ಅದರ ಅರ್ಥವೇನೆಂದು ಅವನನ್ನು ಯಾರೂ ಕೇಳಿರಲಾರರು.
ಟೀ ಆರಿತ್ತು.
ಕುಡಿದು ಬಸ್ಸಿಗೆ ಹೊರಟೆ.